ಬಿಲ್ಲಿನ ಯಂತ್ರ ಕೊಳ್ಳುವ ಮೊದಲು: ನಾವು ಪೆಟ್ಟು ತಿಂದು ಕಲಿತ ಪಾಠ

ನಾನು ಏಳನೇ ಇಯತ್ತೆವರೆಗೆ ಓದಿದವನು. ಹುಬ್ಬಳ್ಳಿಯಿಂದ ಬಸ್ಸಿಗೆ ಒಂದು ತಾಸಿನ ದಾರಿಯಲ್ಲಿ ಎರಿ ಹೊಲ ಅದ. ಮುಂಗಾರಿಗೆ ಹೆಸರು, ಶೇಂಗಾ, ಮೆಣಸಿನಕಾಯಿ, ಹಿಂಗಾರಿಗೆ ಕಡಲೆ, ಬಿಳಿಜೋಳ. ಎಲ್ಲಾ ಮಳಿ ನಂಬಿದ ಬ್ಯಾಸಾಯ. ಇಂಥವನು ಬಿಲ್ಲಿನ ಯಂತ್ರದ ಬಗ್ಗೆ ಯಾಕ ಬರೀಲಿಕ್ಕ ಕುಂತ ಅಂತ ನಿಮಗ ಅನಿಸಬಹುದು. ಕಾರಣ ಇಷ್ಟೇ: ನಮ್ಮ ಭಾಗದ ರೈತರು ಕೂಡಿ ಮಾಡಿಕೊಂಡ ಉತ್ಪಾದಕ ಕಂಪನಿಯ ನಿರ್ದೇಶಕರಲ್ಲಿ ನಾನೂ ಒಬ್ಬ. ಯಂತ್ರ ಆರಿಸುವಾಗ ತಪ್ಪಿದ್ದಕ್ಕೆ ಬಿತ್ತಿಗೆ ಹೊತ್ತಿನಲ್ಲಿ ಸದಸ್ಯರ ರೊಕ್ಕ ಸಿಕ್ಕಿಬಿದ್ದಿತ್ತು. ಅದು ಬೇರೆಯವರಿಗೆ ಆಗಬಾರದು.

ನಡೆದದ್ದು ಏನು?

2024ರ ಮೇ ತಿಂಗಳು. ಸದಸ್ಯರ ಒಣ ಮೆಣಸಿನಕಾಯಿ ಕೂಡಿಸಿ ಒಂದು ಮಸಾಲೆ ಕಾರ್ಖಾನೆಗೆ 6 ಲಕ್ಷ ರೂಪಾಯಿಗೆ ಕೊಟ್ಟೆವು. ಶೇಕಡಾ 5 ಜಿಎಸ್‌ಟಿ ಅಂದರೆ 30,000 ರೂಪಾಯಿ ಬೇರೆ. ಅಂಗಡಿಯ ಯಂತ್ರದಿಂದಲೇ ಬಿಲ್ ಹರಿದು ಕೊಟ್ಟೆವು. ವಾರ ಬಿಟ್ಟು ಕಾರ್ಖಾನೆಯ ಲೆಕ್ಕದವರ ಫೋನು ಬಂತು: “ನಿಮ್ಮ ಬಿಲ್ಲಿಗೆ ಐಆರ್‌ಎನ್ ಇಲ್ಲ, ಕ್ಯೂಆರ್ ಇಲ್ಲ. ಇದು ನಡೆಯೂದಿಲ್ರೀ. ಸರಿಯಾದ ಬಿಲ್ ಬರೂತನಕ ಪೇಮೆಂಟ್ ನಿಲ್ಲತೈತಿ.”

ನಮ್ಮ ಲೆಕ್ಕ ಬರೆಯುವ ಹುಡುಗ ಕಂಗಾಲು. “ಕಾಕಾ, ಯಂತ್ರ ಮಾರಿದವರು ಎಲ್ಲಾ ಟ್ಯಾಕ್ಸ್ ಬಿಲ್ ಬರತಾವ ಅಂದಿದ್ರಲ್ಲಾ?” ಅಂದ. ಅವರು ಅಂದದ್ದು ಸುಳ್ಳಲ್ಲ, ಟ್ಯಾಕ್ಸ್ ಬಿಲ್ ಬರುತ್ತಿತ್ತು. ಆದರೆ ಇ-ಇನ್‌ವಾಯ್ಸ್ ಬರುತ್ತಿರಲಿಲ್ಲ. ಇವೆರಡೂ ಒಂದೇ ಅಂತ ನಾವು ತಿಳಿದದ್ದೇ ತಪ್ಪು. ಎಲ್ಲಾ ಸರಿ ಮಾಡಿಸಿ ರೊಕ್ಕ ಕೈಗೆ ಬರುವಷ್ಟರಲ್ಲಿ ಹೆಸರು ಬಿತ್ತಿ ಎಡಿ ಹೊಡೆಯುವ ಹೊತ್ತಾಗಿತ್ತು. ಬೀಜ ಗೊಬ್ಬರಕ್ಕೆ ಕೆಲವರು ಬಡ್ಡಿಗೆ ಸಾಲ ತೆಗೆದರು.

ಇ-ಇನ್‌ವಾಯ್ಸ್ ಅಂದರೇನು?

ಕಂಪ್ಯೂಟರಿನಿಂದ ಬಂದ ಬಿಲ್ಲೆಲ್ಲ ಇ-ಇನ್‌ವಾಯ್ಸ್ ಅಲ್ಲ. ನಾವು ಮಾಡಿದ ಬಿಲ್ಲಿನ ವಿವರ ಸರ್ಕಾರ ಒಪ್ಪಿದ ಜಾಲತಾಣಕ್ಕೆ ಹೋಗಬೇಕು. ಅಲ್ಲಿಂದ 64 ಅಕ್ಷರ-ಅಂಕಿಗಳ ಒಂದು ಸಂಖ್ಯೆ ಮತ್ತು ಕ್ಯೂಆರ್ ಚೌಕ ತಿರುಗಿ ಬರುತ್ತವೆ. ಆ ಸಂಖ್ಯೆಗೇ ಐಆರ್‌ಎನ್ ಅನ್ನುವುದು. ಆ ಚೌಕ ಬಿಲ್ಲಿನ ಮೇಲೆ ಅಚ್ಚಾಗಬೇಕು. ಎಪಿಎಂಸಿಯಲ್ಲಿ ತೂಕದ ಕಲ್ಲಿಗೆ ಸರ್ಕಾರಿ ಮುದ್ರೆ ಇರುತ್ತದಲ್ಲ, ಹಾಗೆ ಇದು ಬಿಲ್ಲಿಗೆ ಮುದ್ರೆ. ಇ-ಇನ್‌ವಾಯ್ಸ್ ಕಡ್ಡಾಯ ಇದ್ದವರು ಇದಿಲ್ಲದೆ ಕೊಟ್ಟ ಬಿಲ್ ಕಾಯ್ದೆಯ ಪ್ರಕಾರ ಬಿಲ್ಲೇ ಅಲ್ಲ.

2020ರ ಅಕ್ಟೋಬರ್ 1ರಂದು 500 ಕೋಟಿ ಮೀರಿದ ವಹಿವಾಟಿನವರಿಗೆ ಇದು ಶುರುವಾಯಿತು. ಮೆಟ್ಟಿಲು ಇಳಿಯುತ್ತ ಬಂದು 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಕಡ್ಡಾಯ. ಜಿಎಸ್‌ಟಿ ನೋಂದಣಿ ಇದ್ದ ವ್ಯಾಪಾರಿಗೆ ಮಾರಿದ ತೆರಿಗೆಯ ಮಾಲಿಗೆ ಮತ್ತು ರಫ್ತಿಗೆ ಇದು ಬೇಕು. ನೋಂದಣಿ ಇಲ್ಲದ ಗಿರಾಕಿಗೆ ಮಾರಿದರೆ ಬೇಡ. ಆದರೆ 2024ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಚಿಲ್ಲರೆ ಮಾರಾಟಕ್ಕೂ ಸ್ವಇಚ್ಛೆಯ ಪ್ರಯೋಗ ಮಾಡಬೇಕೆಂದು ಶಿಫಾರಸು ಮಾಡಿದೆ. ದಾರಿ ಯಾವ ಕಡೆ ಹೊಂಟಿದೆ ಅನ್ನುವುದು ಇದರಿಂದ ತಿಳಿಯುತ್ತದೆ.

ನಾವು ಎಡವಿದ ಕಲ್ಲು

“ನಮ್ಮದೇನು 5 ಕೋಟಿ ಅಲ್ಲ” ಅಂತ ನಾವು ಕುಂತಿದ್ದೆವು. ಅಂಗಡಿಯ ಬೀಜ-ಗೊಬ್ಬರದ ವ್ಯಾಪಾರ ವರ್ಷಕ್ಕೆ 60 ಲಕ್ಷ. ಆದರೆ 2023-24ರಲ್ಲಿ ಸದಸ್ಯರ ಕಾಳುಕಡಿ ಕೊಂಡು ಮಾರಿದ್ದು 4 ಕೋಟಿ 70 ಲಕ್ಷ. ದೊಡ್ಡ ಚೀಲದ ಕಾಳಿಗೆ ತೆರಿಗೆ ಇಲ್ಲ, ಆದ್ದರಿಂದ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಕಾಯ್ದೆಯಲ್ಲಿ ಒಟ್ಟು ವಹಿವಾಟು ಅಂದರೆ ತೆರಿಗೆ ಇಲ್ಲದ ಮಾಲೂ ಕೂಡುತ್ತದೆ. ಒಟ್ಟು 5 ಕೋಟಿ 30 ಲಕ್ಷ! ಕಾಳಿನ ಬಿಲ್ಲಿಗೆ ಇ-ಇನ್‌ವಾಯ್ಸ್ ಬೇಕಿರಲಿಲ್ಲ, ಆದರೆ ಆ ಕಾಳೇ ನಮ್ಮನ್ನು ಮಿತಿ ದಾಟಿಸಿ ಮೆಣಸಿನಕಾಯಿಯ ಬಿಲ್ಲಿಗೆ ಅದು ಬೇಕಾಗುವಂತೆ ಮಾಡಿತು. ಇನ್ನೊಂದು ಮಾತು: 2017-18ರ ಈಚೆ ಯಾವುದೇ ಒಂದು ಹಿಂದಿನ ವರ್ಷ ದಾಟಿದ್ದರೂ ಸಾಕು. ಮುಂದಿನ ವರ್ಷ ಬರಗಾಲ ಬಿದ್ದು ವ್ಯಾಪಾರ ಇಳಿದರೂ ನಿಯಮ ಬಿಡುವುದಿಲ್ಲ.

ಒಬ್ಬೊಬ್ಬ ರೈತನಿಗೆ ಬೇಕೇ?

ಬೇಡ. ಸ್ವಂತ ಸಾಗುವಳಿಯ ಮಾಲು ಮಾರುವ ರೈತನಿಗೆ ಎಷ್ಟು ಮಾರಿದರೂ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಯಾರಾದರೂ ಯಂತ್ರ ಕೊಳ್ಳಲೇಬೇಕು ಅಂದರೆ ನಂಬಬೇಡಿ. ಆದರೆ ನೆರೆಯವರ ಮಾಲು ಕೊಂಡು ಮಾರಲಿಕ್ಕೆ ಹತ್ತಿದಿರೋ, ಅಷ್ಟರಮಟ್ಟಿಗೆ ನೀವು ವ್ಯಾಪಾರಿ. ತೆರಿಗೆಯ ಮಾಲೂ ಇದ್ದು ಒಟ್ಟು ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಬೇಕು. ಬರೇ ತೆರಿಗೆ ಇಲ್ಲದ ಮಾಲು ಮಾರುವವರಿಗೆ ಬೇಡ.

2025ರ ಜುಲೈ ನೆನಪಿರಬೇಕು. ಯುಪಿಐ ಜಮಾ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟಿತು. ನಮ್ಮ ಪಕ್ಕದ ಹಾವೇರಿಯಲ್ಲಿ ತರಕಾರಿ ಮಾರುವವರಿಗೂ ಬಂತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ, ಆದರೆ ಅದನ್ನು ತೋರಿಸಲಿಕ್ಕೆ ಕೈಯಲ್ಲಿ ಲೆಕ್ಕ ಬೇಕಲ್ಲ! ಆದ್ದರಿಂದ ಯಂತ್ರ ಬೇಡವಾದರೂ ವಹಿ ಬೇಕು. ಸ್ವಂತ ಮಾಲಿನ ರೊಕ್ಕ, ಕೊಂಡು ಮಾರಿದ ಮಾಲಿನ ರೊಕ್ಕ, ಕೈಸಾಲ, ಇವನ್ನು ಬೇರೆ ಬೇರೆ ಬರೆದಿಡಿ.

ಗೊಬ್ಬರದ ಯಂತ್ರ ಬೇರೆ

ಗೊಬ್ಬರದ ಅಂಗಡಿಯಲ್ಲಿ ಬೆರಳೊತ್ತುವ ಯಂತ್ರ ನೀವು ನೋಡಿದ್ದೀರಿ. 2018ರ ಹೊತ್ತಿಗೆ ದೇಶದ ತುಂಬ ಬಂತು. ಅದು ಸಬ್ಸಿಡಿ ಲೆಕ್ಕಕ್ಕೆ. ಅದಿದ್ದರೆ ಜಿಎಸ್‌ಟಿ ಬಿಲ್ ಮುಗಿಯಿತು ಅಂತ ತಿಳಿಯಬೇಡಿ.

ಆರಿಸುವುದು ಹೇಗೆ?

ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡಿ, ನಡಿಗೆ ನೋಡಿ, ನೊಗಕ್ಕೆ ಕಟ್ಟಿ ನೋಡಿದ ಮೇಲೆ ರೊಕ್ಕ ಎಣಿಸುತ್ತೇವೆ. ಯಂತ್ರಕ್ಕೂ ಹಾಗೇ ಮಾಡಿರಿ. ಎರಡನೇ ಸಲ ನಾವು ಮಾಡಿದ್ದು ಇದು. ಐದು ಹಳೇ ಬಿಲ್ ಕೈಯಲ್ಲಿ ಹಿಡಿದು ಹೋದೆವು: ಒಂದು ಕುಡಗೋಲು (ತೆರಿಗೆ ಇಲ್ಲ), ಒಂದು ಚೀಲ ಯೂರಿಯಾ (ಶೇ. 5), ಒಂದು ಬಾಟ್ಲಿ ಕೀಟನಾಶಕ (ಶೇ. 18), ಕಿಲೋ ಪಾಕೀಟಿನ ತೊಗರಿ ಬ್ಯಾಳಿ (ಶೇ. 5, ಬಿಡಿಯಾಗಿ ತೂಗಿಕೊಟ್ಟರೆ ಇಲ್ಲ), ಮತ್ತು ಕಾರ್ಖಾನೆಗೆ ಮೆಣಸಿನಕಾಯಿ. “ಈ ಐದೂ ನಮ್ಮ ಮುಂದ ಮಾಡಿ ತೋರಸ್ರಿ” ಅಂದೆವು. ಮೂರು ಕಡೆ ಕೇಳಿದೆವು. ಐದೂ ಸರಿ ಮಾಡಿ ತೋರಿಸಿದವರು ಒಬ್ಬರೇ.

ಕೇಳಬೇಕಾದ ಪ್ರಶ್ನೆಗಳು ಇವು:

1. ಐಆರ್‌ಎನ್, ಕ್ಯೂಆರ್ ಇದರಿಂದಲೇ ಬರುತ್ತವೆಯೋ? ಅದಕ್ಕೆ ಬೇರೆ ವಾರ್ಷಿಕ ಶುಲ್ಕ ಎಷ್ಟು? ಬಾಯಿಮಾತು ಬೇಡ, ಕಾಗದದ ಮೇಲೆ ಬರೆಸಿಕೊಳ್ಳಿ.

2. ಬಿಲ್ ತಪ್ಪಿದರೆ ರದ್ದು ಮಾಡುವುದು ಹೇಗೆ? ಜಾಲತಾಣದಲ್ಲಿ ಐಆರ್‌ಎನ್ ರದ್ದತಿಗೆ 24 ತಾಸು ಮಾತ್ರ ಅವಕಾಶ. ಆಮೇಲೆ ಕ್ರೆಡಿಟ್ ನೋಟೇ ಗತಿ.

3. ತೆರಿಗೆ ದರ ನಾವೇ ಬದಲಿಸಬಹುದೇ? 2025ರ ಸೆಪ್ಟೆಂಬರ್ 22ರಂದು ದರ ಬದಲಾದವು. ಹನಿ ನೀರಾವರಿ ಸಾಮಾನು, ಟ್ರ್ಯಾಕ್ಟರು 12ರಿಂದ 5ಕ್ಕೆ ಇಳಿದವು. ನಮ್ಮ ಹೆಣ್ಣುಮಕ್ಕಳ ಸಂಘಗಳು ಮಾರುವ ರೊಟ್ಟಿಗೆ 5 ಇದ್ದದ್ದು ಇಲ್ಲವಾಯಿತು. ಪ್ರತಿ ಸಲ ಮೆಕ್ಯಾನಿಕ್ಕನ ದಾರಿ ಕಾಯುವುದು ಆಗದ ಮಾತು.

4. ಎಚ್‌ಎಸ್‌ಎನ್ ಸಂಖ್ಯೆ 6 ಅಂಕಿ ಹಿಡಿಯುತ್ತದೆಯೇ? 5 ಕೋಟಿ ಮೀರಿದವರಿಗೆ 6 ಅಂಕಿ ಬೇಕು.

5. ತೆರಿಗೆ ಇಲ್ಲದ ಮಾಲಿಗೆ ‘ಬಿಲ್ ಆಫ್ ಸಪ್ಲೈ’ ಬೇರೆ ಬರುತ್ತದೆಯೇ?

6. ತಿನ್ನುವ ಮಾಲಿನ ಬಿಲ್ಲಿನ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಬರುತ್ತದೆಯೇ? 2022ರ ಜನವರಿ 1ರಿಂದ ಇದು ಕಡ್ಡಾಯ.

7. ತಿದ್ದಿದ್ದೆಲ್ಲ ದಾಖಲಾಗುತ್ತದೆಯೇ? ಉತ್ಪಾದಕ ಕಂಪನಿ ಅಂದರೆ ಕಂಪನಿ ಕಾಯ್ದೆಯ ಕಂಪನಿ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಯಾವಾಗ ಏನು ತಿದ್ದಿದರು ಅನ್ನುವ ದಾಖಲೆ ಉಳಿಯಬೇಕು, ಅದನ್ನು ಬಂದ್ ಮಾಡಲಿಕ್ಕೆ ಬರಬಾರದು. ಇದನ್ನು ನಮಗೆ ಯಾವ ಮಾರಾಟದವರೂ ಹೇಳಲಿಲ್ಲ, ಆಡಿಟರ್ ಹೇಳಿದರು. ಇದು ಸದಸ್ಯರಿಗೂ ಒಳ್ಳೆಯದೇ.

8. ಕರೆಂಟು, ನೆಟ್‌ವರ್ಕ್ ಹೋದರೆ ಬಿಲ್ ಆಗುತ್ತದೆಯೇ? ಬಂದ ಮೇಲೆ ಸಂಖ್ಯೆ ತಪ್ಪದೆ ಸರಣಿ ಮುಂದುವರಿಯುತ್ತದೆಯೇ?

9. ಲೆಕ್ಕ ಯಾರ ಕೈಯಲ್ಲಿ? ನಾಳೆ ಬೇರೆ ಯಂತ್ರಕ್ಕೆ ಹೋದರೆ ಹಳೇ ಲೆಕ್ಕ ಪೂರ್ತಿ ತೆಗೆದು ಕೊಡುತ್ತಾರೆಯೇ? ಕಂಪನಿ ಲೆಕ್ಕ 8 ವರ್ಷ ಇಡಬೇಕು. ಚೀಟಿಯ ಮೇಲಿನ ಅಚ್ಚು ದಿನ ಕಳೆದಂತೆ ಮಾಸುತ್ತದೆ, ಅದನ್ನು ನಂಬಬೇಡಿ.

ಸಣ್ಣವರಿಗೆ ಅಗ್ಗದ ದಾರಿ

ವರ್ಷಕ್ಕೆ ಹತ್ತಿಪ್ಪತ್ತು ಇ-ಇನ್‌ವಾಯ್ಸ್ ಇರುವವರು ದೊಡ್ಡ ಯಂತ್ರಕ್ಕೆ ರೊಕ್ಕ ಸುರಿಯಬೇಕಿಲ್ಲ. ಸರ್ಕಾರದ ಇ-ಇನ್‌ವಾಯ್ಸ್ ಜಾಲತಾಣದಲ್ಲೇ ಉಚಿತ ಸಾಧನ ಇದೆ. ಅಲ್ಲಿ ವಿವರ ತುಂಬಿ ಐಆರ್‌ಎನ್ ಪಡೆಯಬಹುದು. ಕೌಂಟರಿಗೆ ಸಾದಾ ಯಂತ್ರ ಸಾಕು. ಮೊದಲೇ ಇದು ಗೊತ್ತಿದ್ದರೆ ನಮ್ಮ ಸದಸ್ಯರು ಬಡ್ಡಿ ಕಟ್ಟುತ್ತಿರಲಿಲ್ಲ.

ನಿಮ್ಮ ಸಂಘದಲ್ಲಿ ಈ ತಿಂಗಳೇ ಒಂದು ಕೆಲಸ ಮಾಡಿರಿ. ವರ್ಷವಾರು ಒಟ್ಟು ವಹಿವಾಟು, ತೆರಿಗೆ ಇಲ್ಲದ ಮಾಲೂ ಸೇರಿಸಿ, ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಿರಿ. 4 ಕೋಟಿ ಮುಟ್ಟಿದ್ದರೆ ಈಗಲೇ ಆಡಿಟರನ್ನು ಕೇಳಿರಿ. ಮೋಡ ಕಂಡ ಮೇಲೆ ಕೂರಿಗೆ ಹುಡುಕಬಾರದು ಅಂತ ನಮ್ಮ ಹಿರಿಯರು ಅನ್ನುತ್ತಿದ್ದರು. ಬಿಲ್ಲಿನ ಮಾತಿಗೂ ಅದು ಸರಿ.