ಅಣ್ಣನ ಬಾಗಿಲಿಗೆ ಹೋಗು

ಪ್ರೀತಿಯ ಮಗಾ,

ನಿನ್ನಪ್ಪನ ತಿಂಗಳ ಪೂಜೆಯ ದಿನ ಎಲೆ ಮುಂದೆ ಕೂತಿದ್ದವರೆಲ್ಲ ಕೇಳುವ ಹಾಗೆ ಅಣ್ಣನಿಗೆ ಬಾಯಿಗೆ ಬಂದದ್ದು ಅಂದುಬಿಟ್ಟೆ. ಅದು ಸಾಲದು ಅಂತ ರಾತ್ರಿ ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೂ ಹಾಕಿದೆ. ಆಸ್ತಿ ಪಾಲಿನ ವಿಷಯದಲ್ಲಿ ನ್ಯಾಯ ನಿನ್ನ ಕಡೆಗೇ ಇರಬಹುದು, ಅದಕ್ಕೆ ನಾನು ತಲೆ ಹಾಕುವುದಿಲ್ಲ. ನಾನು ಬರೆಯುತ್ತಿರುವುದು ಆ ಮಾತಿನ ಬಗ್ಗೆ. ನಿನ್ನ ಹೆಸರು ಹಾಕದೆ ಪತ್ರಿಕೆಗೇ ಕೊಡುತ್ತಿದ್ದೇನೆ. ಸಿಟ್ಟಿನಲ್ಲಿ ಅಂದು, ಈಗ ಬಿಗುಮಾನದಲ್ಲಿ ಕೂತವರು ಮಂಡ್ಯದಿಂದ ಮಳವಳ್ಳಿವರೆಗೆ ಎಷ್ಟೋ ಜನ ಇದ್ದಾರೆ.

'ಬಿಡತ್ತೆ, ಕಾಲವೇ ಸರಿ ಮಾಡುತ್ತೆ' ಅಂದೆ ಫೋನಿನಲ್ಲಿ. ಕೆಲವನ್ನು ಕಾಲ ಸರಿ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ನಾನು ಕಂಡದ್ದನ್ನೂ ಕೇಳು.

1991ರ ಡಿಸೆಂಬರ್. ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದು ಕಾವೇರಿ ನ್ಯಾಯಮಂಡಳಿ ಜೂನ್‌ನಲ್ಲೇ ಮಧ್ಯಂತರ ಆದೇಶ ಕೊಟ್ಟಿತ್ತು. ಅದು ಗೆಜೆಟ್‌ನಲ್ಲಿ ಬಂದದ್ದೇ ತಡ, ಬೆಂಗಳೂರು, ಮೈಸೂರು ಕಡೆ ತಮಿಳರ ಮೇಲೆ ಗಲಭೆಯಾಯಿತು. ಮಳವಳ್ಳಿ ಕಡೆಯ ನಮ್ಮೂರು ನಾಲೆಯ ಕೊನೆಯಲ್ಲಿತ್ತು, ಗದ್ದೆ ಒಣಗೀತು ಅನ್ನುವ ಹೆದರಿಕೆ ಎಲ್ಲರಿಗೂ ಇತ್ತು. ನಾನು ಚೊಚ್ಚಲ ಬಸುರಿ, ತವರಿಗೆ ಬಂದಿದ್ದೆ. ನಿಮ್ಮ ತಾತ ಆಗ ನಮ್ಮ ಚರ್ಚಿನ ಉಪದೇಶಿ.

ಚರ್ಚಿಗೆ ಹೂವು ತರುತ್ತಿದ್ದದ್ದು ಒಬ್ಬ ವಿಧವೆ. ಮನೆಮಾತು ತಮಿಳು, ಹುಟ್ಟಿದ್ದು ಬೆಳೆದದ್ದೆಲ್ಲ ಇಲ್ಲೇ. ಶನಿವಾರ ಸಂಜೆ ಕಾಕಡ, ಕನಕಾಂಬರ ಕಟ್ಟಿ, ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿ, ಮರಿಯಮ್ಮನವರ ಪೀಠಕ್ಕೆ ಇಟ್ಟು ಹೋಗುವರು. ಆ ಭಾನುವಾರ ಹುಡುಗರು ಗೋದಲಿಗೆ ಹುಲ್ಲು ಹೊದಿಸುತ್ತಿದ್ದರು. ಪೂಜೆ ಮುಗಿಸಿ ಹೊರಬಂದ ನಮ್ಮವರೇ ಒಬ್ಬರು, 'ನಮ್ಮ ನೀರು ಕುಡಿದು ನಮಗೇ ಎರಡು ಬಗೀತೀರಲ್ಲ, ನಿಮ್ಮೂರಿಗೆ ಹೋಗಿ' ಅಂದುಬಿಟ್ಟರು. ಒಳ್ಳೆಯ ಮನುಷ್ಯ, ಕಷ್ಟಕ್ಕಾಗುವವರು. ಆಯಮ್ಮ ಒಂದು ಮಾತಾಡಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರಟುಬಿಟ್ಟರು. ಮುಂದಿನ ವಾರ ಹೂವೂ ಇಲ್ಲ, ಅವರೂ ಇಲ್ಲ.

ತಾತ ಅವರ ಮನೆಗೆ ಹೊರಟಾಗ ನಾನೂ ಜೊತೆಗೆ ಹೋದೆ. ತಾತ ಬೈಬಲ್ ತೆಗೆದುಕೊಳ್ಳಲಿಲ್ಲ, ಬುದ್ಧಿ ಹೇಳಲಿಲ್ಲ. ಹೊಸಲಿನಾಚೆ ನಿಂತು, 'ಅಕ್ಕಾ, ಅವತ್ತು ಕೇಳಿಸಿಕೊಂಡೂ ಸುಮ್ಮನಿದ್ದುಬಿಟ್ಟೆ, ನಂದು ತಪ್ಪಾಯ್ತು. ಕ್ರಿಸ್ಮಸ್ ರಾತ್ರಿ ಜಪಸರ ನೀವೇ ನಡೆಸಿಕೊಡಬೇಕು' ಅಂದರು. ಅಷ್ಟೇ. ಆಯಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತರು, ಆಮೇಲೆ ಕೂರಿಸಿ ಕಾಫಿ ಕೊಟ್ಟರು. ಕ್ರಿಸ್ಮಸ್ ರಾತ್ರಿ ಬಂದರು, ಜಪಸರವನ್ನೂ ನಡೆಸಿದರು.

ಆ ಮಾತು ಅಂದವರೂ ಕಾಲ ಬರಲಿ ಅಂತಲೇ ಕಾದರು. ಹಬ್ಬ ಕಳೆಯಲಿ, ಸುಗ್ಗಿ ಕಳೆಯಲಿ. ಅಷ್ಟರಲ್ಲಿ ಆಯಮ್ಮನನ್ನು ಮಗಳು ಕರೆದುಕೊಂಡು ಹೋದಳು, ತಿರುಗಿ ಬರಲಿಲ್ಲ. ವರ್ಷಗಳ ಮೇಲೆ ಆ ಮಾತು ಅಂದವರು ಹಾಸಿಗೆ ಹಿಡಿದಾಗ ನಿಮ್ಮ ತಾತನ ಹತ್ತಿರ ಕೇಳಿದ್ದು ಒಂದೇ: ಆಯಮ್ಮನ ವಿಳಾಸ ಇದೆಯಾ? ಇರಲಿಲ್ಲ.

ಬರೆದಿಟ್ಟ ಮಾತಿನ ಕಥೆಯನ್ನೂ ಕೇಳು. ಶ್ರೀರಂಗಪಟ್ಟಣದ ಗಂಜಾಂ ಚರ್ಚಿಗೆ ಸಣ್ಣವನಿದ್ದಾಗ ನಿನ್ನನ್ನು ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ? ಅದನ್ನು ಕಟ್ಟಿಸಿದ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿಗೆ ಬಂದವರು. ಇಲ್ಲಿಯವರ ಹಾಗೇ ಉಟ್ಟರು, ಉಂಡರು. ಸಿಡುಬಿಗೆ 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದರು. ಜನ ದೊಡ್ಡಸ್ವಾಮಿಯವರು ಅಂತ ಕರೆದರು. ಅಂಥವರು ನಮ್ಮ ಆಚಾರವಿಚಾರಗಳ ಬಗ್ಗೆ ಬರೆದ ಪುಸ್ತಕ ಇಂಗ್ಲಿಷಿನಲ್ಲಿ ಬಂತು. ಅದರಲ್ಲಿ ತಮ್ಮನ್ನು ನಂಬಿದ ಈ ಜನರ ಬಗ್ಗೆಯೇ ಎಷ್ಟೋ ಕಡೆ ನಿಷ್ಠುರದ, ತಿರಸ್ಕಾರದ ಮಾತು. 1823ರಲ್ಲಿ ಫ್ರಾನ್ಸಿಗೆ ಮರಳಿದರು. ಅವರ ಸೇವೆಗೆ ಕೈ ಮುಗಿಯುತ್ತೇನೆ. ಆದರೆ ಆ ಪುಟಗಳನ್ನು ಈಗಲೂ ಯಾರು ಬೇಕಾದರೂ ತೆರೆದು ಓದಬಹುದು, ಓದಿದವರಿಗೆ ಈಗಲೂ ನೋಯುತ್ತದೆ. ನೀನು ಗ್ರೂಪಿಗೆ ಹಾಕಿದ್ದೂ ಹಾಗೇ ಉಳಿದಿದೆ, ನಿನ್ನ ಅತ್ತಿಗೆ ಮತ್ತೆ ಮತ್ತೆ ತೆಗೆದು ನೋಡುತ್ತಾಳೆ.

ಮತ್ತಾಯನ ಐದನೇ ಅಧ್ಯಾಯ ತೆಗೆದು ನೋಡು. ತಮ್ಮನೋ ಅಣ್ಣನೋ, ಒಡಹುಟ್ಟಿದವನನ್ನು ಹೀಗಳೆದು ಮಾತಾಡುವುದನ್ನು ಯೇಸುಸ್ವಾಮಿ ಕೊಲೆಯ ಪಕ್ಕದಲ್ಲೇ ಇಟ್ಟು ಹೇಳಿದ್ದಾರೆ. ಅದರ ಬೆನ್ನಿಗೇ, ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಅವನ ಹತ್ತಿರ ಹೋಗು ಅನ್ನುತ್ತಾರೆ. ಅವನೇ ಬರಲಿ ಅನ್ನಲಿಲ್ಲ, ತಪ್ಪು ಯಾರದೆಂದು ಮೊದಲು ತೀರ್ಮಾನವಾಗಲಿ ಅನ್ನಲಿಲ್ಲ. ನೀನು ಭಾನುವಾರ ಮುಂದಿನ ಬೆಂಚಿನಲ್ಲಿ ಕೂತು ಸತ್ಪ್ರಸಾದ ತಗೊಳ್ಳುತ್ತೀಯಂತೆ. ನಾಚಿಕೆಯಾಗುವುದಿಲ್ಲವೇನೋ? ಅಪ್ಪ ಸತ್ತು ತಿಂಗಳಾಗಿತ್ತು, ಅಣ್ಣನಿಗೂ ಅಪ್ಪನೇ ಅಲ್ಲವೇ ಹೋದದ್ದು?

ಗದರಿದೆ ಅಂತ ಮುನಿಸಿಕೊಳ್ಳಬೇಡ. ನಿನಗೂ ನೋವಾಗಿದೆ, ಗೊತ್ತು. ಆಸ್ಪತ್ರೆಯಲ್ಲಿ ಅಪ್ಪನ ಹತ್ತಿರ ರಾತ್ರಿಯೆಲ್ಲ ಕೂತವನು ನೀನು, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನು ಹೇಳುತ್ತಿದ್ದೇನೆ: ಚೆನ್ನಾಗಿ ನೋಡಿಕೊಂಡೆ ಮಗಾ.

ಹೋಗುವುದು ಬಿಡುವುದು ನಿನ್ನಿಷ್ಟ. ಹೋಗುವುದಾದರೆ ಈ ಶನಿವಾರವೇ ಮದ್ದೂರಿಗೆ, ಅಣ್ಣನ ಮನೆಗೆ ಹೋಗು. ಮೊದಲು ಗ್ರೂಪಿನಲ್ಲೇ, ತಪ್ಪಾಯ್ತು ಅಂತ ಎಲ್ಲರೆದುರು ಬರೆ. ಪಾಲಿನ ಕಾಗದ ಜೊತೆಗೆ ಒಯ್ಯಬೇಡ, ಅವನು ಮಾತು ತೆಗೆದರೂ ಇನ್ನೊಂದು ದಿನ ಅನ್ನು. ಅವನು ಬಾಗಿಲಲ್ಲೇ ಬೈದರೆ ಬೈಸಿಕೊ. ವಾಪಸ್ ಬಂದ ಮೇಲೆ, ಎಷ್ಟೇ ಹೊತ್ತಾಗಿರಲಿ, ನನಗೆ ಫೋನ್ ಮಾಡು.

ನಿನ್ನ ಅತ್ತೆ,
ಮಂಡ್ಯ