ದ್ರಾಕ್ಷಿತೋಟದ ಒಡೆಯ, ಮೊಬೈಲಿನ ಒಡೆಯ



ತೊಪ್ಪೂರು ಘಟ್ಟದ ಇಳಿಜಾರಿನಲ್ಲಿ ಎಷ್ಟು ವೇಗದಲ್ಲಿ ಹೋಗಬೇಕೆಂದು ಬೋರ್ಡು ಹಾಕಿದ್ದಾರೆ. ನಿಯಮ ಎಲ್ಲರ ಕಣ್ಣಿಗೂ ಕಾಣುತ್ತದೆ. ದಂಡ ಬಿದ್ದರೆ ಯಾಕೆಂದು ಕೇಳಬಹುದು, ರಸೀದಿ ಪಡೆಯಬಹುದು. ಆದರೆ ಇದೇ ಹೆದ್ದಾರಿಯಲ್ಲಿ ಬೆಂಗಳೂರಿಗೆ ಹೋಗಿ ಊಟ, ಪಾರ್ಸೆಲ್ ತಲುಪಿಸುವ ಕೆಲಸ ಹಿಡಿಯುವ ಹುಡುಗನಿಗೆ ಬೇರೆ ಬಗೆಯ ನಿಯಮವಿದೆ. ಅದು ಮೊಬೈಲಿನ ಒಳಗಿರುತ್ತದೆ, ಅವನಿಗೆ ಕಾಣುವುದಿಲ್ಲ. ಅದರ ಹೆಸರು ಅಲ್ಗಾರಿದಮ್.

ಅಲ್ಗಾರಿದಮ್ ಎಂದರೇನು?

ಹೆದರಬೇಕಾದ ಪದವಲ್ಲ. ಶಾಲೆಯಲ್ಲಿ ಕಲಿತ ಭಾಗಾಕಾರವೂ ಒಂದು ಅಲ್ಗಾರಿದಮ್: ಮೊದಲು ಇದು ಮಾಡು, ಆಮೇಲೆ ಮುಂದಿನ ಅಂಕಿ ಇಳಿಸು. ಭಾಗಾಕಾರಕ್ಕೆ ಪಕ್ಷಪಾತವಿಲ್ಲ. ಆದರೆ ಯಾರಿಗೆ ಆರ್ಡರ್, ಎಷ್ಟು ಹಣ, ಯಾರ ಐಡಿ ಬಂದ್ ಎಂಬ ಲೆಕ್ಕ ಹಾಗಲ್ಲ. ದೂರ, ಸಮಯ, ಗ್ರಾಹಕರು ಕೊಟ್ಟ ನಕ್ಷತ್ರ, ಇವುಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆಯೆಂದು ಯಾರೋ ಮನುಷ್ಯರೇ ಮೊದಲು ತೀರ್ಮಾನಿಸಿರುತ್ತಾರೆ. ಭಾನುವಾರ ಬೆಳಿಗ್ಗೆ ಆನ್ ಇದ್ದವರಿಗೆ ಮಾತ್ರ ಪ್ರೋತ್ಸಾಹಧನ ಎಂದು ಬರೆದರೆ, ಬಲಿಪೂಜೆಗೆ ಹೋದವನ ಸಂಪಾದನೆ ಕಡಿಮೆಯಾಗುತ್ತದೆ. ಯಂತ್ರಕ್ಕೆ ಬಲಿಪೂಜೆಯ ಮೇಲೆ ದ್ವೇಷವಿಲ್ಲ. ಬಲಿಪೂಜೆ ಎಂಬುದೇ ಅದಕ್ಕೆ ಗೊತ್ತಿಲ್ಲ.

ಶುಭಸಂದೇಶದ ಬೆಳಕಿನಲ್ಲಿ

ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯದಲ್ಲಿರುವ ದ್ರಾಕ್ಷಿತೋಟದ ಸಾಮತಿಯನ್ನು ಓದಿ. ಒಡೆಯ ತಾನೇ ಐದು ಸಲ ಹೊರಗೆ ಬಂದು ಆಳುಗಳನ್ನು ಹುಡುಕುತ್ತಾನೆ. ಮುಂಜಾನೆ ಬಂದವರೊಂದಿಗೆ ಕೂಲಿ ಎಷ್ಟೆಂದು ಮೊದಲೇ ಮಾತಾಡುತ್ತಾನೆ. ಸಂಜೆಯವರೆಗೂ ಕೆಲಸ ಸಿಗದೆ ನಿಂತವರ ಕಷ್ಟ ವಿಚಾರಿಸುತ್ತಾನೆ. ಕೂಲಿ ಸರಿಯಿಲ್ಲ ಎಂದು ಗೊಣಗಿದವರಿಗೂ ಎದುರು ನಿಂತು ಉತ್ತರ ಕೊಡುತ್ತಾನೆ. ಆ ಉತ್ತರ ಅವರಿಗೆ ಒಪ್ಪಿಗೆಯಾಯಿತೋ ಇಲ್ಲವೋ, ಕೇಳಲು ಒಂದು ಮುಖವಿತ್ತು. ಮೊಬೈಲಿನ ಒಡೆಯನಿಗೆ ಆ ಮುಖವಿಲ್ಲ.

ಧರ್ಮಸಭೆಯ ಬೋಧನೆ

1891ರಲ್ಲಿ ವಿಶ್ವಗುರು ಹದಿಮೂರನೇ ಲಿಯೋ ‘ರೇರುಮ್ ನೋವಾರುಮ್’ ವಿಶ್ವಪತ್ರದಲ್ಲಿ ಕಾರ್ಮಿಕರ ನ್ಯಾಯವಾದ ಕೂಲಿಯ ಪರ ನಿಂತರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಹದಿನಾಲ್ಕನೇ ಲಿಯೋ ತಮ್ಮ ಹೆಸರಿನ ಕಾರಣ ಹೇಳುವಾಗ ಆ ವಿಶ್ವಪತ್ರವನ್ನು ನೆನೆದು, ಇಂದು ಕೃತಕ ಬುದ್ಧಿಮತ್ತೆಯು ಮಾನವ ಘನತೆಗೂ ದುಡಿಮೆಗೂ ಸವಾಲೊಡ್ಡಿದೆ ಎಂದರು. ಅದಕ್ಕೂ ಮುಂಚೆ, 2020ರ ಫೆಬ್ರವರಿ 28ರಂದು, ಜೀವಕ್ಕಾಗಿರುವ ಪೋಪರ ಅಕಾಡೆಮಿಯೊಂದಿಗೆ ಮೈಕ್ರೋಸಾಫ್ಟ್, ಐಬಿಎಂ ಕಂಪನಿಗಳು ರೋಮಿನಲ್ಲಿ ಒಂದು ಕರೆಗೆ ಸಹಿ ಹಾಕಿದವು. ಅದರ ಆರು ತತ್ವಗಳಲ್ಲಿ ಪಾರದರ್ಶಕತೆ ಮತ್ತು ಹೊಣೆಗಾರಿಕೆಯೂ ಸೇರಿವೆ.

ಕಾನೂನು ಎಲ್ಲಿಗೆ ಬಂದಿದೆ?

ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಂಪನಿಯು ಕಲ್ಯಾಣ ಶುಲ್ಕ ಕಟ್ಟಬೇಕು. ಸಾಮಾನ್ಯವಾಗಿ 14 ದಿನಗಳ ನೋಟಿಸ್ ಮತ್ತು ಲಿಖಿತ ಕಾರಣವಿಲ್ಲದೆ ಕೆಲಸದಿಂದ ತೆಗೆಯುವಂತಿಲ್ಲ. ತನ್ನ ಸಂಪಾದನೆಯನ್ನು ತೀರ್ಮಾನಿಸುವ ಯಂತ್ರದ ನಿಯಮಗಳ ಬಗ್ಗೆ ಮಾಹಿತಿ ಕೇಳುವ ಹಕ್ಕು ಕಾರ್ಮಿಕನಿಗಿದೆ. ನಮ್ಮ ತಮಿಳುನಾಡಿನಲ್ಲಿ 2023ರಲ್ಲಿ ಇಂಥ ಕಾರ್ಮಿಕರಿಗಾಗಿ ಕಲ್ಯಾಣ ಮಂಡಳಿ ರಚನೆಯಾಯಿತು.

ಆದರೆ ಹಕ್ಕು ಕೇಳುವವನಿಗೇ ದಕ್ಕುತ್ತದೆ. ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಮೊಬೈಲಿನ ಒಪ್ಪಂದ ಮಾತ್ರ ಇಂಗ್ಲಿಷ್. ಓದದೆ ‘ಒಪ್ಪಿದ್ದೇನೆ’ ಒತ್ತುವುದು ರೂಢಿಯಾಗಿದೆ. ಕೆಲಸಕ್ಕೆ ಸೇರುವವರು ಆ ಒಪ್ಪಂದವನ್ನು ಯುವಜನರ ಸಭೆಗೆ ತನ್ನಿ, ಕೂಡಿ ಕುಳಿತು ಓದೋಣ. ದೂರು ಕೊಡಬೇಕಾದವರಿಗೆ ಅರ್ಜಿ ಬರೆಯಲು ನೆರವಾಗೋಣ.

ಚಿಂತನೆಗೆ

1. ನಮ್ಮ ಮನೆಯಲ್ಲಿ ಯಾರ ಸಂಪಾದನೆ ಮೊಬೈಲಿನ ನಿಯಮದಿಂದ ತೀರ್ಮಾನವಾಗುತ್ತದೆ?
2. ತಡವಾಗಿ ಬಂದ ಹುಡುಗನಿಗೆ ಒಂದೇ ನಕ್ಷತ್ರ ಕೊಡುವ ಮುನ್ನ ಕಾರಣ ಕೇಳಿದ್ದೇವೆಯೇ?
3. ನಮ್ಮ ಕೈಕೆಳಗೆ ದುಡಿಯುವವರಿಗೆ ಕೂಲಿಯ ಲೆಕ್ಕವನ್ನು ಮುಖಕ್ಕೆ ಮುಖ ಕೊಟ್ಟು ಹೇಳುತ್ತಿದ್ದೇವೆಯೇ?