‘ರೊಗಾರ್’: ಬೇಡಿಕೊಳ್ಳುವವರ ಕ್ರಿಯಾಪದ

ಸ್ಪೇನಿನ ದೇವಾಲಯಗಳಲ್ಲಿ ‘ಸೆ ರುವೇಗ ಸಿಲೆನ್ಸಿಯೊ’ ಎಂಬ ಫಲಕ ಕಾಣುವುದುಂಟು. ‘ಮೌನವಾಗಿರಬೇಕೆಂದು ಕೋರಲಾಗಿದೆ’ ಎಂದು ಅದರ ಅರ್ಥ. ಕೋರುವವರು ಯಾರು? ನಮ್ಮ ‘ಕೋರಲಾಗಿದೆ’ಯಂತೆ ಅಲ್ಲಿಯೂ ಅವರು ಮರೆಯಲ್ಲಿರುತ್ತಾರೆ. ಮಾತು ಬಿನ್ನಹದ್ದು, ದನಿ ಮಾತ್ರ ಆಜ್ಞೆಯದು.

ಈ ಪದದ ಮೂಲರೂಪ ‘ರೊಗಾರ್’. ಕೇಳು ಎಂಬ ಅರ್ಥದ ಲತೀನ್ ‘ರೊಗಾರೆ’ಯಿಂದ ಬಂದದ್ದು. ಊಟದಲ್ಲಿ ಉಪ್ಪು ಕೇಳಲು, ನೆರೆಯವರಲ್ಲಿ ಸಾಲ ಕೇಳಲು ‘ಪೆದೀರ್’ ಸಾಕು. ರೊಗಾರ್ ಗಂಭೀರ ಸಂದರ್ಭಗಳಿಗೆ ಸೇರಿದ್ದು. ‘ನಾನು ಬಿನ್ನವಿಸುತ್ತೇನೆ’ ಎನ್ನಲು ‘ರುವೇಗೊ’, ‘ನಾವು’ ಎನ್ನುವಾಗ ‘ರೊಗಾಮೊಸ್’.

‘ನನ್ನನ್ನು ಕ್ಷಮಿಸಬೇಕೆಂದು ಬೇಡುತ್ತೇನೆ’ ಎಂಬುದು ‘ಲೆ ರುವೇಗೊ ಕೆ ಮೆ ಪೆರ್ದೋನೆ’. ಇಲ್ಲಿ ‘ಕ್ಷಮಿಸುತ್ತಾರೆ’ ಎಂಬ ನಿಶ್ಚಯರೂಪವಾದ ‘ಪೆರ್ದೋನ’ ಸಲ್ಲದು; ‘ಪೆರ್ದೋನೆ’ ಎಂಬ ಸಂಭಾವ್ಯರೂಪವೇ ಬರಬೇಕು. ಕ್ಷಮೆ ಇನ್ನೂ ನಡೆದಿಲ್ಲ, ಅದು ಅವರ ಇಚ್ಛೆಗೆ ಬಿಟ್ಟದ್ದು. ಆಜ್ಞಾಪಿಸುವ ‘ಮಂದಾರ್’ ಕ್ರಿಯಾಪದಕ್ಕೂ ಇದೇ ನಿಯಮವೆಂಬುದು ಸೋಜಿಗ. ವ್ಯಾಕರಣದಲ್ಲಿ ಒಡೆಯನೂ ಎದುರಿನವನ ಮನಸ್ಸನ್ನು ಕಾಯಲೇಬೇಕು!

ದುರಹಂಕಾರಿಯನ್ನು ಅವರು ‘ಅರೊಗಾಂತೆ’ ಎನ್ನುತ್ತಾರೆ. ಬೇರು ಒಂದೇ: ತನ್ನದಲ್ಲದ್ದನ್ನು ತನ್ನದೆಂದು ಸಾಧಿಸುವವನು. ಹತ್ತು ಸಲ ಬೇಡಿಸಿಕೊಂಡು ಒಪ್ಪುವುದಕ್ಕೆ ‘ಅಸೆರ್ಸೆ ದೆ ರೊಗಾರ್’ ಎಂಬ ನುಡಿಗಟ್ಟಿದೆ. ಮದುವೆ ಮನೆಯಲ್ಲಿ ಮುನಿಸಿಕೊಂಡ ಬೀಗರ ನೆನಪಾಗುತ್ತದೆ.

ಇನ್ನು ಜಪಸರದ ವಿಷಯ. ಲತೀನಿನ ನಮೋ ಮರಿಯ ಜಪದಲ್ಲಿ ಮಾತೆಗೆ ‘ಓರಾ’ ಎನ್ನುತ್ತಾರೆ. ಸ್ಪ್ಯಾನಿಷಿನಲ್ಲಿ ‘ಓರಾರ್’ ಎಂಬ ಪದವಿದ್ದರೂ ಜಪದಲ್ಲಿ ಬರುವುದು ‘ರುವೇಗ’. ಓರಾರ್ ದೇವರೊಡನೆ ಮಾತಾಡುವುದು. ಬಾಯಿಪಾಠದ ಜಪ ಹೇಳಲು ‘ರೆಸಾರ್’. ಮತ್ತೊಬ್ಬರ ಪರವಾಗಿ ಅಂಗಲಾಚುವ ಭಾವ ರೊಗಾರ್‌ನಲ್ಲೇ ಹೆಚ್ಚು. ಸಂತ ಯೊವಾನ್ನರ ಶುಭಸಂದೇಶದ 17ನೆಯ ಅಧ್ಯಾಯದಲ್ಲಿ ಯೇಸು ತಮ್ಮ ಶಿಷ್ಯರಿಗಾಗಿ ಪಿತನಲ್ಲಿ ಬೇಡುವಾಗ ಲತೀನ್ ಬೈಬಲ್ ಬಳಸುವುದು ಇದೇ ಮೂಲಪದವನ್ನು.

ಸ್ಪೇನಿನಲ್ಲಿ ಯಾರಾದರೂ ತೀರಿಕೊಂಡರೆ ‘ಎಸ್ಕೇಲ’ ಎಂಬ ಮರಣ ಪ್ರಕಟಣೆಯನ್ನು ಪತ್ರಿಕೆಗೆ ಕೊಡುತ್ತಾರೆ, ಹಲವು ಊರುಗಳಲ್ಲಿ ಗೋಡೆಗೂ ಅಂಟಿಸುತ್ತಾರೆ. ಹೆಂಡತಿ, ಮಕ್ಕಳು, ಸೊಸೆಯಂದಿರು ಎಂದು ಸಾಲಾಗಿ ಹೇಳಿದ ಮೇಲೆ ‘ರುವೇಗನ್’ ಎಂಬ ಪದ ಬರುತ್ತದೆ: ಮೃತರ ಆತ್ಮಕ್ಕಾಗಿ ಒಂದು ಪ್ರಾರ್ಥನೆ ಬೇಡುತ್ತಾರೆ. ಫಲಕದ ಆ ‘ಸೆ’ ಇಲ್ಲಿ ಇಲ್ಲ. ಬೇಡುವವರು ತಮ್ಮ ಹೆಸರು ಹೇಳಿಕೊಂಡು, ದಾರಿಹೋಕನ ಮುಂದೆ ನಿಂತಿದ್ದಾರೆ.